ಮನೆಯ ತೂಕದ ಯಂತ್ರ ಹೇಳುವ ನಿಜ

ಕನ್ನಡದ ‘ತೂಗು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಒಂದು, ಅತ್ತಿತ್ತ ಓಲಾಡಿಸುವುದು. ಇನ್ನೊಂದು, ಭಾರವನ್ನು ಅಳೆಯುವುದು. ತೊಟ್ಟಿಲನ್ನೂ ತೂಗುತ್ತೇವೆ, ಬೆಲ್ಲವನ್ನೂ ತೂಗುತ್ತೇವೆ. ತಕ್ಕಡಿಯ ಕಾಲದಲ್ಲಿ ಈ ಎರಡು ಅರ್ಥಗಳ ನಂಟು ಕಣ್ಣಿಗೆ ಕಾಣುವಂತೆಯೇ ಇತ್ತು. ತಟ್ಟೆಗಳೆರಡೂ ಮೇಲಕ್ಕೂ ಕೆಳಕ್ಕೂ ಓಲಾಡಿ, ಕೊನೆಗೆ ಮುಳ್ಳು ನೆಟ್ಟಗೆ ನಿಂತಾಗ ತೂಕ ಮುಗಿಯುತ್ತಿತ್ತು. ನಿದ್ದೆ ಬಂದವನ ತಲೆಯ ಓಲಾಟವನ್ನು ತೂಕಡಿಕೆ ಎನ್ನುವಲ್ಲಿಯೂ ಅದೇ ಧಾತುವಿದೆ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಈ ಮಾತನ್ನು ತರಗತಿಯಲ್ಲಿ ಹೇಳುತ್ತ, ಎದುರಿಗೆ ಕುಳಿತ ವಿದ್ಯಾರ್ಥಿಗಳಲ್ಲಿಯೇ ಅದರ ಪ್ರತ್ಯಕ್ಷ ನಿದರ್ಶನಗಳನ್ನು ಕಂಡವನು ನಾನು.

ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ವ್ಯಾಕರಣವನ್ನಲ್ಲ. ಇಂದು ಅನೇಕ ಮನೆಗಳ ಬಚ್ಚಲುಮನೆಯ ಬಾಗಿಲ ಬಳಿಯಲ್ಲಿ ಗೋಡೆಗೆ ಒರಗಿಕೊಂಡಿರುವ, ನಿಂತ ಕೂಡಲೇ ನಮ್ಮ ಭಾರವನ್ನು ಅಂಕಿಗಳಲ್ಲಿ ತೋರಿಸುವ ಚಿಕ್ಕ ಯಂತ್ರವೊಂದಿದೆಯಲ್ಲ, ಅದರ ವಿಷಯ. ಅದು ಹೇಳುವುದು ನಿಜವೆ? ಎಷ್ಟರಮಟ್ಟಿಗೆ ನಿಜ? ಯಾವ ಬಗೆಯ ನಿಜ? ಸಾಹಿತ್ಯದ ಮೇಷ್ಟರಿಗೆ ಈ ಯಂತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಈ ಪ್ರಶ್ನೆ ನಮ್ಮ ಮನೆಯಲ್ಲಿ ಒಮ್ಮೆ ಜೀವದ ಪ್ರಶ್ನೆಯಾಗಿತ್ತು. ಅದಕ್ಕೆ ನಾನು ಕೊಟ್ಟುಕೊಂಡ ಉತ್ತರ ತಪ್ಪಾಗಿತ್ತು. ಆ ಕಾರಣದಿಂದ ಈ ಮಾತು.

ತೂಕದ ಯಂತ್ರದೊಡನೆ ನನ್ನ ಮೊದಲ ಪರಿಚಯವಾದದ್ದು ರೈಲು ನಿಲ್ದಾಣದಲ್ಲಿ. ಆಳೆತ್ತರದ ಕಬ್ಬಿಣದ ಪೆಟ್ಟಿಗೆ, ಅದರ ಮುಖದಲ್ಲಿ ಗಾಜಿನ ಹಿಂದೆ ಗಿರಗಿರನೆ ತಿರುಗುವ ಬಣ್ಣದ ಚಕ್ರ, ಮಿನುಗುವ ದೀಪಗಳು. 10 ಪೈಸೆಯ ನಾಣ್ಯವನ್ನು ಹಾಕಿದರೆ ಒಳಗೆ ಏನೋ ಕಟಕಟವೆಂದು ಸದ್ದಾಗಿ ಒಂದು ರಟ್ಟಿನ ಚೀಟಿ ಹೊರಗೆ ಬೀಳುತ್ತಿತ್ತು. ಅದರಲ್ಲಿ ತೂಕದ ಜೊತೆಗೆ ನಮ್ಮ ಭವಿಷ್ಯವೂ ಅಚ್ಚಾಗಿರುತ್ತಿತ್ತು. ನಮ್ಮ ತಂದೆಯವರು ಚೀಟಿಯನ್ನು ಓದಿ, ‘ಭವಿಷ್ಯವನ್ನು ನಂಬಬೇಡ, ತೂಕವನ್ನು ನಂಬು’ ಎನ್ನುತ್ತಿದ್ದರು. ಮರುನಿಲ್ದಾಣದ ಯಂತ್ರದಲ್ಲಿ ತೂಕವೂ ಬೇರೆಯಾಗಿ ಬಂದಾಗ ಮಾತ್ರ ಅವರು ಏನೂ ಹೇಳಲಿಲ್ಲ. ಎರಡು ಯಂತ್ರಗಳು ಒಂದೇ ದಿನ ಒಬ್ಬನೇ ಹುಡುಗನ ವಿಷಯದಲ್ಲಿ ಎರಡು ಮಾತು ಹೇಳಿದರೆ ಯಾವುದನ್ನು ನಂಬಬೇಕು ಎಂಬ ಸಂದೇಹ ನನ್ನಲ್ಲಿ ಹುಟ್ಟಿದ್ದು ಆಗಲೇ. ಅದು ಪರಿಹಾರವಾಗುವುದಕ್ಕೆ ಐವತ್ತು ವರ್ಷಗಳು ಹಿಡಿದವು.

ಮೊದಲು ಒಂದು ಭೇದವನ್ನು ತಿಳಿಯಬೇಕು. ನಮ್ಮ ಹಿರಿಯರ ತಕ್ಕಡಿಗೂ ಇಂದಿನ ಯಂತ್ರಕ್ಕೂ ತತ್ತ್ವದಲ್ಲಿಯೇ ಅಂತರವಿದೆ. ಹಂಪೆಯ ವಿಠ್ಠಲ ದೇವಾಲಯದ ಸಮೀಪದಲ್ಲಿ ಎರಡು ಕಲ್ಲುಕಂಬಗಳ ಮೇಲೆ ಅಡ್ಡವಾಗಿ ಕಲ್ಲಿನ ತೊಲೆಯನ್ನಿಟ್ಟ ರಚನೆಯನ್ನು ನೋಡಿದವರಿಗೆ ನೆನಪಿರಬಹುದು. ರಾಜರ ತುಲಾಪುರುಷದಾನಕ್ಕೆ ಅದನ್ನು ಬಳಸುತ್ತಿದ್ದರೆಂದು ಪ್ರತೀತಿ. ಒಂದು ತಟ್ಟೆಯಲ್ಲಿ ರಾಜ, ಇನ್ನೊಂದರಲ್ಲಿ ಚಿನ್ನ. ಇಂದಿಗೂ ನಮ್ಮ ಕ್ಷೇತ್ರಗಳಲ್ಲಿ ಹರಕೆ ಹೊತ್ತವರು ಅಕ್ಕಿ, ಬೆಲ್ಲ, ತೆಂಗಿನಕಾಯಿಗಳಿಂದ ತುಲಾಭಾರ ಮಾಡಿಸುತ್ತಾರೆ. ಇಲ್ಲಿ ನಡೆಯುವುದು ಹೋಲಿಕೆ. ಒಂದು ವಸ್ತು ಇನ್ನೊಂದಕ್ಕೆ ಸಮವೆ ಎಂದಷ್ಟೇ ತಕ್ಕಡಿ ಹೇಳುತ್ತದೆ. ಭೂಮಿಯ ಸೆಳೆತ ಹೆಚ್ಚಾದರೂ ಕಡಿಮೆಯಾದರೂ ಅದು ಎರಡು ತಟ್ಟೆಗಳಿಗೂ ಒಂದೇ. ಆದ್ದರಿಂದ ತೀರ್ಪು ಬದಲಾಗದು.

ನಮ್ಮ ಮನೆಯ ಯಂತ್ರಕ್ಕೆ ಎರಡನೆಯ ತಟ್ಟೆಯಿಲ್ಲ. ಅದು ಹೋಲಿಸುವುದಿಲ್ಲ, ನಮ್ಮ ಪಾದಗಳು ತನ್ನನ್ನು ಎಷ್ಟು ಬಲವಾಗಿ ಒತ್ತಿದವು ಎಂಬುದನ್ನು ಅಳೆದು, ಆ ಒತ್ತಡವನ್ನು ಕಿಲೋಗ್ರಾಂಗಳ ಭಾಷೆಗೆ ತಿರುಗಿಸಿ ಹೇಳುತ್ತದೆ. ಹೀಗಾಗಿ ಭೂಮಿಯ ಸೆಳೆತವೂ ಅದರ ಲೆಕ್ಕದೊಳಗೆ ಬರುತ್ತದೆ. ಈ ಸೆಳೆತ ಭೂಮಧ್ಯರೇಖೆಯ ಬಳಿ ಕೊಂಚ ಕಡಿಮೆ, ಧ್ರುವಗಳ ಕಡೆಗೆ ಹೋದಂತೆ ಕೊಂಚ ಹೆಚ್ಚು. ಎರಡು ತುದಿಗಳ ಅಂತರ ನೂರಕ್ಕೆ ಅರ್ಧದಷ್ಟು. ಮೈಸೂರಿನಲ್ಲಿ ಸರಿಯಾಗಿ 60 ಕಿಲೋ ತೋರಿಸುವ ಯಂತ್ರವನ್ನು ಲಂಡನ್ನಿಗೆ ಒಯ್ದು ಅದೇ ವ್ಯಕ್ತಿ ಅದರ ಮೇಲೆ ನಿಂತರೆ ಸುಮಾರು 200 ಗ್ರಾಂ ಹೆಚ್ಚು ತೋರಿಸೀತು. ಆ ವ್ಯಕ್ತಿ ವಿಮಾನದಲ್ಲಿ ಏನೂ ತಿಂದಿರದಿದ್ದರೂ ಸರಿಯೇ.

ಹಳೆಯ ಮಾದರಿಯ ಯಂತ್ರಗಳಲ್ಲಿ ಈ ಒತ್ತಡವನ್ನು ಅಳೆಯುತ್ತಿದ್ದದ್ದು ಉಕ್ಕಿನ ಸ್ಪ್ರಿಂಗು. ಮೇಲಿನ ಹಲಗೆಯ ಭಾರ ಒಳಗಿನ ಸನ್ನೆಗಳ ಮೂಲಕ ಸ್ಪ್ರಿಂಗಿಗೆ ಮುಟ್ಟಿ, ಅದು ಎಳೆದಷ್ಟೂ ಅಂಕಿಯ ಬಿಲ್ಲೆ ತಿರುಗುತ್ತಿತ್ತು. ಸ್ಪ್ರಿಂಗು ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ಬಚ್ಚಲಿನ ತೇವಕ್ಕೆ ಸನ್ನೆಗಳು ತುಕ್ಕು ಹಿಡಿಯುತ್ತವೆ. ಯಾರೂ ನಿಲ್ಲದಿರುವಾಗಲೂ ಮುಳ್ಳು ಸೊನ್ನೆಯನ್ನು ಬಿಟ್ಟು ಅತ್ತಿತ್ತ ಸರಿದಿರುತ್ತದೆ. ಇಂದಿನ ಡಿಜಿಟಲ್ ಯಂತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಕಾಲುಗಳಲ್ಲಿಯೂ ಒಂದೊಂದು ಪುಟ್ಟ ಲೋಹದ ಪಟ್ಟಿಯಿರುತ್ತದೆ. ಅದಕ್ಕೆ ಕೂದಲಿನಷ್ಟು ತೆಳುವಾದ ತಂತಿಯ ಜಾಲವೊಂದನ್ನು ಅಂಟಿಸಿರುತ್ತಾರೆ. ಸ್ಟ್ರೇನ್ ಗೇಜ್ ಎಂದು ಅದರ ಹೆಸರು. ನಾವು ನಿಂತಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ತಂತಿ ಅಷ್ಟೇ ಅಲ್ಪವಾಗಿ ಹಿಗ್ಗುತ್ತದೆ, ಹಿಗ್ಗಿದ ತಂತಿಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಆ ಹೆಚ್ಚಳವನ್ನು ಅಳೆದು, ನಾಲ್ಕು ಕಾಲುಗಳ ಲೆಕ್ಕವನ್ನೂ ಕೂಡಿಸಿ, ಯಂತ್ರ ನಮಗೆ ಅಂಕಿಯನ್ನು ತೋರಿಸುತ್ತದೆ. ಆದ್ದರಿಂದಲೇ ನಾಲ್ಕು ಕಾಲುಗಳೂ ಗಟ್ಟಿ ನೆಲದ ಮೇಲೆ ಸಮವಾಗಿ ಊರಿರಬೇಕು. ಚಾಪೆ, ಜಮಖಾನ, ಕಾಲೊರಸು ಇವುಗಳ ಮೇಲಿಟ್ಟರೆ ಕಾಲುಗಳು ಹುಗಿದು ಒತ್ತಡ ಬೇರೆ ದಾರಿಯಲ್ಲಿ ಹರಿದುಹೋಗಿ, ಅಂಕಿ ಎತ್ತ ಬೇಕಾದರೂ ತಪ್ಪಬಹುದು.

ಇಷ್ಟು ಪೀಠಿಕೆಯ ಮೇಲೆ ನನ್ನ ಕಥೆಗೆ ಬರುತ್ತೇನೆ.

ನಾನು ನಿವೃತ್ತನಾದ ಕೆಲವು ವರ್ಷಗಳ ಮೇಲೆ ನನ್ನ ಹೆಂಡತಿಗೆ ಹೃದಯದ ದೌರ್ಬಲ್ಯವೆಂದು ಗೊತ್ತಾಯಿತು. ಹೃದಯ ನಿಂತುಹೋಗುವ ರೋಗವಲ್ಲ. ರಕ್ತವನ್ನು ಒತ್ತುವ ಅದರ ಶಕ್ತಿ ಕುಂದುವ ರೋಗ. ಹೀಗಾದಾಗ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೊರಗೆ ಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ಆ ನೀರು ಪಾದಗಳಲ್ಲಿ ಬಾವಾಗಿ ನಿಲ್ಲುತ್ತದೆ. ಶ್ವಾಸಕೋಶಕ್ಕೆ ಸೇರಿದರೆ ಉಸಿರೇ ಕಟ್ಟುತ್ತದೆ. ವೈದ್ಯರು ಔಷಧಗಳನ್ನು ಬರೆದುಕೊಟ್ಟು, ಉಪ್ಪನ್ನು ಕಡಿಮೆ ಮಾಡಿಸಿ, ಕೊನೆಗೆ, ‘ಅಮ್ಮನವರ ತೂಕವನ್ನು ದಿನವೂ ಬೆಳಿಗ್ಗೆ ನೋಡಿ ಬರೆದಿಡಿ. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ನನಗೆ ಫೋನು ಮಾಡಿ’ ಎಂದರು. ಕಾರಣ ಸರಳವಾದದ್ದು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಒಳಗೆ ನಿಂತ ನೀರು ಪಾದದ ಬಾವಾಗಿ ಕಣ್ಣಿಗೆ ಕಾಣುವ ಮುನ್ನವೇ ತೂಕದಲ್ಲಿ ಕಾಣಿಸಿಕೊಳ್ಳಬಲ್ಲದು.

ನಾನು ಯಂತ್ರವನ್ನು ಕೊಂಡುತಂದೆ. ಗೆರೆ ಹಾಕಿದ ನೋಟುಪುಸ್ತಕವೊಂದನ್ನೂ ತಂದೆ. ಮೊದಲ ವಾರದಲ್ಲಿಯೇ ನನ್ನ ಹಳೆಯ ಸಂದೇಹ ತಲೆಯೆತ್ತಿತು. ಮನೆಯ ಯಂತ್ರ 58.4 ಎಂದಿತು. ಅದೇ ದಿನ ಆಸ್ಪತ್ರೆಯ ಯಂತ್ರ 60 ಎಂದಿತು. ಸೀರೆ, ಬೆಳಗಿನ ತಿಂಡಿ, ಕಾಫಿ ಇವನ್ನೆಲ್ಲ ಕಳೆದರೂ ಲೆಕ್ಕ ಹೊಂದಲಿಲ್ಲ. ನಾನು ನೋಟುಪುಸ್ತಕವನ್ನು ವೈದ್ಯರ ಮುಂದೆ ಹಿಡಿದು, ಯಾವುದು ನಿಜವೆಂದು ಕೇಳಿದೆ. ನನ್ನ ಮಗನ ವಯಸ್ಸಿನ ಆ ವೈದ್ಯರು ನಕ್ಕು, ‘ಮೇಷ್ಟ್ರೇ, ಅಮ್ಮನವರ ತೂಕ 58ಓ 60ಓ ಅನ್ನೋದು ನನಗೆ ಅಷ್ಟು ಮುಖ್ಯ ಅಲ್ಲ. ನಿಮ್ಮ ಯಂತ್ರ ನಿನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ಎಷ್ಟು ವ್ಯತ್ಯಾಸ, ಅದು ಬೇಕು’ ಎಂದರು. ನಾನು ತಲೆದೂಗಿದೆ, ಆದರೆ ಮನಸ್ಸಿಗೆ ಅದು ಇಳಿದಿರಲಿಲ್ಲ. ತಪ್ಪು ತೋರಿಸುವ ಯಂತ್ರ ತಪ್ಪು ಯಂತ್ರವೇ ಎಂಬ ಭಾವನೆ ಒಳಗೆ ಉಳಿದುಕೊಂಡಿತು.

ವೈದ್ಯರ ಮಾತಿನ ಅರ್ಥವನ್ನು ಈಗ ನನ್ನದೇ ರೀತಿಯಲ್ಲಿ ಬಿಡಿಸಿ ಹೇಳುತ್ತೇನೆ. ಅಳೆಯುವ ಸಾಧನದಲ್ಲಿ ನಾವು ಮೂರು ಗುಣಗಳನ್ನು ನೋಡಬೇಕು; ರೂಢಿಯಲ್ಲಿ ಮೂರನ್ನೂ ಕಲಸಿ ನಿಖರತೆ ಎಂದುಬಿಡುತ್ತೇವೆ. ಮೊದಲನೆಯದು ಸೂಕ್ಷ್ಮತೆ, ಎಂದರೆ ಎಷ್ಟು ಚಿಕ್ಕ ಅಂಶದವರೆಗೆ ಅದು ಅಂಕಿಯನ್ನು ತೋರಿಸುತ್ತದೆ ಎಂಬುದು. ಎರಡನೆಯದು ಸ್ಥಿರತೆ, ಎಂದರೆ ಅದೇ ಭಾರವನ್ನು ಹತ್ತು ಸಲ ಇಟ್ಟರೆ ಹತ್ತು ಸಲವೂ ಅದೇ ಅಂಕಿಯನ್ನು ಹೇಳುವುದು. ಮೂರನೆಯದು ಯಥಾರ್ಥತೆ, ಎಂದರೆ ಹೇಳಿದ ಅಂಕಿ ನಿಜವಾದ ತೂಕಕ್ಕೆ ಹತ್ತಿರವಾಗಿರುವುದು. ಈ ಮೂರೂ ಒಂದರೊಡನೊಂದು ಬರಲೇಬೇಕೆಂಬ ನಿಯಮವೇನೂ ಇಲ್ಲ. ಬಿಂದುವಿನ ಮುಂದೆ ಎರಡು ಅಂಕಿಗಳನ್ನು ಬೆಳಗಿಸುವ ಯಂತ್ರವನ್ನು ಕಂಡು ಇದು ಬಹಳ ಸರಿಯಾದದ್ದು ಎಂದು ಮರುಳಾಗುತ್ತೇವೆ. ಅದು ಸೂಕ್ಷ್ಮತೆ ಮಾತ್ರ. ಒಂದೂವರೆ ಕಿಲೋ ತಪ್ಪಾದ ತೂಕವನ್ನು 10 ಗ್ರಾಂಗಳವರೆಗೆ ಸೂಕ್ಷ್ಮವಾಗಿ ಹೇಳಲು ಯಾವ ಅಡ್ಡಿಯೂ ಇಲ್ಲ.

ಸ್ಥಿರತೆಗೂ ಯಥಾರ್ಥತೆಗೂ ಇರುವ ಭೇದಕ್ಕೆ ನಮ್ಮ ಮನೆಗಳ ಗೋಡೆಗಡಿಯಾರವೇ ದೃಷ್ಟಾಂತ. ಹತ್ತು ನಿಮಿಷ ಮುಂದಿಟ್ಟ ಗಡಿಯಾರದಿಂದ ಯಾರೂ ಬಸ್ಸು ತಪ್ಪಿಸಿಕೊಂಡಿಲ್ಲ. ಅದು ತಪ್ಪನ್ನೇ ಹೇಳುತ್ತದೆ. ಆದರೆ ದಿನವೂ ಅಷ್ಟೇ ತಪ್ಪನ್ನು ಹೇಳುತ್ತದೆ. ಅನ್ನ ಬೇಯಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಆ ಗಡಿಯಾರವೂ ಸರಿಯಾಗಿಯೇ ಹೇಳುತ್ತದೆ. ಒಂದು ದಿನ ಮುಂದೆ, ಒಂದು ದಿನ ಹಿಂದೆ ಓಡುವ ಗಡಿಯಾರವಾದರೋ, ನಡುನಡುವೆ ಸರಿಯಾದ ಹೊತ್ತನ್ನು ತೋರಿಸಿದರೂ ನಿರುಪಯೋಗಿ. ಮನೆಯ ತೂಕದ ಯಂತ್ರದಿಂದ ನಾವು ಬಯಸಬೇಕಾದದ್ದು ಮುಖ್ಯವಾಗಿ ಈ ಸ್ಥಿರತೆಯನ್ನು.

ಯಥಾರ್ಥತೆಯಾದರೂ ಎಷ್ಟು ದುರ್ಲಭವಾದ ವಸ್ತು! ಪ್ಯಾರಿಸ್ಸಿನ ಹತ್ತಿರದ ಸೆವ್ರ್ ಎಂಬಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿದ ಒಂದು ಚಿಕ್ಕ ಉರುಳೆಯನ್ನು ಗಾಜಿನ ಮುಚ್ಚಳಗಳ ಅಡಿಯಲ್ಲಿ ಕಾಪಾಡುತ್ತ ಬಂದಿದ್ದಾರೆ. 1889ರಿಂದ ಜಗತ್ತಿನ ಕಿಲೋಗ್ರಾಂ ಎಂದರೆ ಅದೇ ಆಗಿತ್ತು. ಅದರ ಪ್ರತಿಗಳನ್ನು ಬೇರೆ ಬೇರೆ ದೇಶಗಳಿಗೆ ಹಂಚಿದ್ದರು; 57ನೆಯ ಸಂಖ್ಯೆಯ ಪ್ರತಿ ನಮ್ಮ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. ಒಂದು ಶತಮಾನದ ಮೇಲೆ ಮೂಲವನ್ನೂ ಪ್ರತಿಗಳನ್ನೂ ಹೋಲಿಸಿದಾಗ ಅವುಗಳ ನಡುವೆ ಸುಮಾರು 50 ಮೈಕ್ರೋಗ್ರಾಂಗಳಷ್ಟು ಅಂತರ ಬೆಳೆದಿತ್ತು. ಒಂದು ಗ್ರಾಂನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಬದಲಾದದ್ದು ಮೂಲವೋ ಪ್ರತಿಗಳೋ ಎಂದು ಹೇಳುವುದಕ್ಕೆ ಮೂರನೆಯ ಸಾಕ್ಷಿಯೇ ಇರಲಿಲ್ಲ. ಕೊನೆಗೆ 2019ರ ಮೇ 20ರಂದು ಆ ಉರುಳೆಯನ್ನು ಪದವಿಯಿಂದ ಇಳಿಸಿ, ಪ್ಲಾಂಕ್ ನಿಯತಾಂಕವೆಂಬ ಪ್ರಕೃತಿಯ ಒಂದು ಬದಲಾಗದ ಸಂಖ್ಯೆಯ ಆಧಾರದ ಮೇಲೆ ಕಿಲೋಗ್ರಾಂಗೆ ಹೊಸ ವ್ಯಾಖ್ಯೆಯನ್ನು ಕೊಟ್ಟರು. ಜಗತ್ತಿನ ಮೂಲಮಾನವೇ ಹೀಗಿರುವಾಗ ನಮ್ಮ ಬಚ್ಚಲುಮನೆಯ ಯಂತ್ರದ ಪಾಡೇನು? ಅಂಗಡಿಯ ತಕ್ಕಡಿಗಾದರೆ ಸರ್ಕಾರದ ಕಾವಲಿದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ಅದನ್ನು ಕಾಲಕಾಲಕ್ಕೆ ಪರಿಶೀಲಿಸಿ ಮುದ್ರೆಯೊತ್ತಿಸಿಕೊಳ್ಳಬೇಕು. ನಮ್ಮ ಯಂತ್ರದಿಂದ ನಾವು ಯಾರಿಗೂ ಏನನ್ನೂ ತೂಗಿ ಮಾರುವುದಿಲ್ಲ. ಆದ್ದರಿಂದ ಅದನ್ನು ಪರೀಕ್ಷಿಸಲು ಯಾರೂ ನಮ್ಮ ಮನೆಗೆ ಬರುವುದಿಲ್ಲ. ಆ ಕೆಲಸ ನಮ್ಮದೇ.

ಇನ್ನು, ಯಂತ್ರವನ್ನು ದೂರುವ ಮೊದಲು ಅದರ ಮೇಲೆ ನಿಲ್ಲುವ ದೇಹವನ್ನೂ ವಿಚಾರಿಸಬೇಕು. ಇಟಲಿಯ ಪಡುವಾ ವಿಶ್ವವಿದ್ಯಾನಿಲಯದಲ್ಲಿ ಸಾಂಟೋರಿಯೋ ಎಂಬ ವೈದ್ಯನಿದ್ದ. ಆತ ದೊಡ್ಡ ತಕ್ಕಡಿಯೊಂದರ ಕೋಲಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು, ತಾನು ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ತೂಗಿ ಬರೆದಿಡುತ್ತಿದ್ದ. ಇದನ್ನು ಅನೇಕ ವರ್ಷಗಳ ಕಾಲ ನಡೆಸಿ 1614ರಲ್ಲಿ ಗ್ರಂಥವನ್ನೇ ಪ್ರಕಟಿಸಿದ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಲೆಕ್ಕ ಹೊಂದಲೇ ಇಲ್ಲ. ಬಹುಪಾಲು ಕಣ್ಣಿಗೆ ಕಾಣದ ಹಾಗೆ ಹೊರಟುಹೋಗಿತ್ತು. ಚರ್ಮದಿಂದಲೂ ಉಸಿರಿನಿಂದಲೂ ನಮಗೆ ತಿಳಿಯದಂತೆ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆಂಬುದು ಇಂದು ತಿಳಿದ ವಿಷಯ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ, ಏನನ್ನೂ ಮಾಡದೆಯೇ ತೂಕ ಇಳಿದಿರುವುದು ಅದರಿಂದಲೇ.

ಹೀಗೆ ದೇಹ ಒಂದೇ ದಿನದಲ್ಲಿ ಒಂದರಿಂದ ಎರಡು ಕಿಲೋಗಳವರೆಗೆ ಏರಿಳಿಯುವುದು ಸಹಜ. ಒಂದು ಚೊಂಬು ನೀರು ಕುಡಿದರೆ ಅಷ್ಟು ಏರಿತು. ಬೆವರು ಹರಿದರೆ ಇಳಿಯಿತು. ಉಪ್ಪಿನಕಾಯಿ, ಹಪ್ಪಳ ಹೆಚ್ಚಾಗಿ ತಿಂದ ಮರುದಿನ ಆ ಉಪ್ಪು ನೀರನ್ನು ಹಿಡಿದು ನಿಲ್ಲಿಸುತ್ತದೆ. ದೇಹದ ಕೊಬ್ಬಿನ ಲೆಕ್ಕ ಬೇರೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳ ಶಕ್ತಿ ಅಡಗಿದೆ. ಎಂದರೆ ಸಾಧಾರಣ ಮನುಷ್ಯನ ಮೂರು ನಾಲ್ಕು ದಿನಗಳ ಪೂರ್ತಿ ಊಟ. ಒಂದು ಮದುವೆಯೂಟದಿಂದ ಒಂದು ಕಿಲೋ ಕೊಬ್ಬು ಬರುವುದೂ ಇಲ್ಲ, ಒಂದು ಏಕಾದಶಿಯಿಂದ ಹೋಗುವುದೂ ಇಲ್ಲ. ಮೈಯಿಳಿಸಬೇಕೆಂದು ಹೊರಟವರು ದಿನದ ಅಂಕಿಯನ್ನು ಕಂಡು ಹಿಗ್ಗುವುದಾಗಲಿ ಕುಗ್ಗುವುದಾಗಲಿ ವ್ಯರ್ಥ. ಏಳು ದಿನಗಳ ಅಂಕಿಗಳನ್ನು ಕೂಡಿಸಿ ಏಳರಿಂದ ಭಾಗಿಸಿ, ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಡನೆ ಹೋಲಿಸಬೇಕು. ಅಲ್ಲಿ ಕಾಣುವ ಇಳಿತವೇ ನಂಬತಕ್ಕದ್ದು.

ಈ ವಿಚಾರವನ್ನು ನಾನು ಆಗಲೇ ಅರ್ಧಂಬರ್ಧ ಓದಿಕೊಂಡಿದ್ದೆ. ಅರ್ಧ ಓದಿದವನಿಗೆ ನೆಪಗಳು ಬೇಗ ಸಿಗುತ್ತವೆ.

ಆ ವರ್ಷ ಗೌರಿಗಣೇಶ ಹಬ್ಬಕ್ಕೆ ಮನೆ ತುಂಬ ನೆಂಟರು. ಬಚ್ಚಲಿನ ಬಾಗಿಲಲ್ಲಿ ಓಡಾಡುವವರ ಕಾಲಿಗೆ ಸಿಕ್ಕೀತೆಂದು ಯಂತ್ರವನ್ನು ಎತ್ತಿ ನಮ್ಮ ಮಲಗುವ ಕೋಣೆಯ ಜಮಖಾನದ ಮೇಲಿಟ್ಟೆವು. ಹಬ್ಬದ ಮರುದಿನ ಬೆಳಿಗ್ಗೆ ಅದು 58.9 ತೋರಿಸಿತು. ಜಮಖಾನದ ದೋಷವೆಂದುಕೊಂಡೆ. ಮಾರನೆಯ ದಿನ 59.7. ಕೋಡುಬಳೆ ಚಕ್ಕುಲಿಗಳ ಉಪ್ಪೆಂದುಕೊಂಡೆ. ಮೂರನೆಯ ದಿನ 60.6. ‘ಈ ಯಂತ್ರ ಕೆಟ್ಟಿದೆ. ಮೊದಲಿನಿಂದಲೂ ಇದು ಸುಳ್ಳು ಹೇಳುವುದೇ’ ಎಂದು ನೋಟುಪುಸ್ತಕವನ್ನು ಮುಚ್ಚಿಟ್ಟೆ. ನನ್ನ ಹೆಂಡತಿ, ‘ಡಾಕ್ಟರಿಗೆ ಒಂದು ಮಾತು ಹೇಳಿಬಿಡಿ ಅಂದ್ರೆ’ ಎಂದಳು. ನೆಂಟರು ಹೊರಟ ಮೇಲೆ ಹೇಳಿದರಾಯಿತೆಂದೆ. ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಚ್ಚರವಾದಾಗ ಆಕೆ ಮಂಚದ ಅಂಚಿನಲ್ಲಿ ಎರಡು ಕೈಗಳನ್ನೂ ಊರಿ ಕುಳಿತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಾತನಾಡುವುದಕ್ಕೂ ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ನೀರು ಇಳಿಸುವ ಔಷಧವನ್ನು ಸೂಜಿಯ ಮೂಲಕ ಕೊಟ್ಟರು. ಬೆಳಗಾಗುವ ಹೊತ್ತಿಗೆ ಉಸಿರು ಸರಾಗವಾಯಿತು. ಐದು ದಿನಗಳ ಮೇಲೆ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಯಂತ್ರವನ್ನು ಬಚ್ಚಲಿನ ಬಾಗಿಲಿನ ಹಳೆಯ ಜಾಗದಲ್ಲಿಟ್ಟು ನಿಲ್ಲಿಸಿದೆ. 58.3 ಎಂದಿತು. ಕೆಟ್ಟಿದೆಯೆಂದು ನಾನು ಬಯ್ದಿದ್ದ ಅದೇ ಯಂತ್ರ.

ಆ ದಿನ ನೋಟುಪುಸ್ತಕವನ್ನು ತೆರೆದು ಬಹಳ ಹೊತ್ತು ಕುಳಿತೆ. ಮಾಡಿದ ತಪ್ಪು ಆಗ ಸ್ಪಷ್ಟವಾಗಿ ಕಂಡಿತು. ಜಮಖಾನದಿಂದ ದೋಷ ಬಂದಿರಬಹುದು, ನಿಜ. ಆದರೆ ಜಮಖಾನದ ದೋಷ ಬರುವುದಾದರೆ ಮೊದಲ ದಿನ ಒಮ್ಮೆಗೇ ಬಂದು ಅಲ್ಲಿಯೇ ನಿಲ್ಲಬೇಕು, ಇಲ್ಲವೆ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಹೋಗಬೇಕು. ದಿನಕ್ಕೆ ಮುಕ್ಕಾಲು ಕಿಲೋಗೂ ಹೆಚ್ಚಾಗಿ, ಒಂದೇ ದಿಕ್ಕಿನಲ್ಲಿ, ಮೆಟ್ಟಿಲು ಹತ್ತಿದಂತೆ ಅದು ಏರುವುದಿಲ್ಲ. ಜಮಖಾನ ಮೂರು ದಿನಗಳೂ ಅದೇ ಜಮಖಾನ, ಯಂತ್ರ ಅದೇ ಯಂತ್ರ. ಬದಲಾಗುತ್ತಿದ್ದದ್ದು ಅದರ ಮೇಲೆ ನಿಂತ ಜೀವ. ಯಂತ್ರ ಒಂದೂವರೆ ಕಿಲೋ ತಪ್ಪಾಗಿದ್ದರೂ ವ್ಯತ್ಯಾಸವನ್ನು ಸರಿಯಾಗಿ ಹೇಳುತ್ತಿತ್ತು. ಅದು ಯಥಾರ್ಥವಲ್ಲವೆಂಬ ಕಾರಣಕ್ಕೆ ನಾನು ಅದರ ಸ್ಥಿರತೆಯನ್ನೂ ತಳ್ಳಿಹಾಕಿದ್ದೆ. ವೈದ್ಯರು ಹೇಳಿದ ಎರಡು ಕಿಲೋಗಳ ಗೆರೆ ದಾಟಿದಾಗ ಮಾಡಬೇಕಾಗಿದ್ದದ್ದು ಯಂತ್ರದ ಗುಣವಿಚಾರವನ್ನಲ್ಲ, ಒಂದು ಫೋನನ್ನು. ಯಂತ್ರವೇ ತಪ್ಪಿದ್ದರೂ ಅದರಿಂದ ಹೋಗುತ್ತಿದ್ದದ್ದು ಎರಡು ನಿಮಿಷ.

ಅಂದಿನಿಂದ ನಾವು ಪಾಲಿಸಿಕೊಂಡು ಬಂದಿರುವ ಕ್ರಮವನ್ನು, ಬೇರೆಯವರಿಗೂ ಉಪಯೋಗವಾದೀತೆಂದು ಹೇಳುತ್ತೇನೆ. ಯಂತ್ರ ಒಂದೇ ಇರಬೇಕು. ಮನೆಯದನ್ನು ಆಸ್ಪತ್ರೆಯದರೊಡನೆ, ನೆಂಟರ ಮನೆಯದರೊಡನೆ ದಿನವೂ ಹೋಲಿಸಬಾರದು. ಜಾಗ ಒಂದೇ ಇರಬೇಕು. ಅದು ಗಟ್ಟಿಯಾದ, ಸಮತಲವಾದ, ಒಣಗಿದ ನೆಲವಾಗಿರಬೇಕು. ಹೊತ್ತು ಒಂದೇ ಇರಬೇಕು. ಬೆಳಿಗ್ಗೆ ಎದ್ದು ಶೌಚ ಮುಗಿಸಿದ ಮೇಲೆ, ಕಾಫಿಗೆ ಮುಂಚೆ. ಉಡುಪೂ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡು ಪಾದಗಳನ್ನೂ ಸಮನಾಗಿ ಊರಿ, ಗೋಡೆಯನ್ನೋ ಬಾಗಿಲನ್ನೋ ಹಿಡಿಯದೆ, ಅಂಕಿ ನಿಲ್ಲುವವರೆಗೆ ಅಲುಗಾಡದೆ ನಿಲ್ಲಬೇಕು. ನಿಲ್ಲಲು ಆಸರೆ ಬೇಕಾಗುವಷ್ಟು ನಿತ್ರಾಣವಿದ್ದವರು ವೈದ್ಯರನ್ನೇ ಕೇಳುವುದು ಲೇಸು. ನೋಡಿದ ಅಂಕಿಯನ್ನು ಕೂಡಲೇ ಬರೆದಿಡಬೇಕು. ನೆನಪನ್ನು ನಂಬಬಾರದು, ಏಕೆಂದರೆ ನೆನಪು ನಮಗೆ ಬೇಕಾದ ಕಡೆಗೆ ವಾಲುತ್ತದೆ.

ಯಂತ್ರದ ಪರೀಕ್ಷೆಗೂ ಸುಲಭವಾದ ದಾರಿಯಿದೆ. ಮನೆಯ ಆರೋಗ್ಯವಂತರೊಬ್ಬರು ಅದರ ಮೇಲೆ ನಿಂತು ಅಂಕಿಯನ್ನು ನೋಡಿಕೊಳ್ಳಲಿ. ಆಮೇಲೆ ಒಂದೊಂದು ಲೀಟರಿನ ಐದು ನೀರಿನ ಸೀಸೆಗಳನ್ನು ಚೀಲದಲ್ಲಿ ಹಿಡಿದುಕೊಂಡು ನಿಲ್ಲಲಿ. ಅಂಕಿ ಐದು ಕಿಲೋ, ಸೀಸೆ ಮತ್ತು ಚೀಲಗಳದ್ದೊಂದಿಷ್ಟು, ಹೆಚ್ಚಾಗಬೇಕು. ಹಾಗಾದರೆ ವ್ಯತ್ಯಾಸವನ್ನು ಹೇಳುವಲ್ಲಿ ಯಂತ್ರ ಪ್ರಾಮಾಣಿಕವಾಗಿದೆಯೆಂದು ತಿಳಿಯಬಹುದು. ಇದನ್ನು ನಾಲ್ಕಾರು ಸಲ ಮಾಡಿ ಪ್ರತಿ ಸಲವೂ ಸುಮಾರು ಅದೇ ಬರುತ್ತದೆಯೆ ನೋಡಬೇಕು. ಇಲ್ಲೊಂದು ಎಚ್ಚರಿಕೆ. ಕೆಲವು ಡಿಜಿಟಲ್ ಯಂತ್ರಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು, ಹೊಸ ತೂಕ ಅದಕ್ಕೆ ಬಹಳ ಹತ್ತಿರವಾಗಿದ್ದರೆ ಹಳೆಯದನ್ನೇ ಮತ್ತೆ ತೋರಿಸುತ್ತವೆ. ಬೆನ್ನುಬೆನ್ನಿಗೆ ನಿಂತಾಗ ಅದೇ ಅಂಕಿ ಬಂದಿತೆಂದು ಸ್ಥಿರತೆಯನ್ನು ಹೊಗಳುವ ಮುನ್ನ, ನಡುವೆ ಸೀಸೆಗಳ ಚೀಲವನ್ನು ಹಿಡಿದು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು ನೋಡುವುದು ಒಳ್ಳೆಯದು. ಬ್ಯಾಟರಿ ಇಳಿದಾಗ ಬದಲಾಯಿಸಬೇಕು. ಬೇರೆ ಕಡೆಗೆ ಎತ್ತಿಟ್ಟಿದ್ದರೆ, ಮತ್ತೆ ಜಾಗಕ್ಕೆ ತಂದ ಮೇಲೆ ಬರುವ ಮೊದಲ ಅಂಕಿಯನ್ನು ಬಿಟ್ಟು ಎರಡನೆಯದನ್ನು ಬರೆದುಕೊಳ್ಳಬೇಕು.

ಇತ್ತೀಚಿನ ಕೆಲವು ಯಂತ್ರಗಳು ತೂಕದ ಜೊತೆಗೆ ದೇಹದ ಕೊಬ್ಬು ನೂರಕ್ಕೆ ಎಷ್ಟು ಎಂಬುದನ್ನೂ ಹೇಳುತ್ತವೆ. ಅವು ಪಾದಗಳ ಮೂಲಕ ಅತ್ಯಲ್ಪ ವಿದ್ಯುತ್ತನ್ನು ಹರಿಸಿ, ಅದಕ್ಕೆ ಎಷ್ಟು ತಡೆಯಾಯಿತೆಂಬುದರಿಂದ ಊಹಿಸಿ ಹೇಳುವ ಅಂಕಿಗಳು. ನೀರು ಕುಡಿದಿದ್ದರೆ ಒಂದು, ಬೆವರಿದ್ದರೆ ಒಂದು. ಅದು ತೂಗಿದ ಮಾತಲ್ಲ, ಲೆಕ್ಕ ಹಾಕಿದ ಊಹೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಅಂಥ ಯಂತ್ರದ ಮೇಲೆ ನಿಲ್ಲಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ಹೃದ್ರೋಗಿಗಳಿರುವ ಮನೆಗೆ ತೂಕವನ್ನು ಮಾತ್ರ ಹೇಳುವ ಸರಳ ಯಂತ್ರವೇ ಸಾಕು.

ನಮ್ಮ ನೋಟುಪುಸ್ತಕ ಈಗ ಮೂರನೆಯದು. ಆ ಘಟನೆಯ ಮೇಲೆ ಎರಡು ಸಲ ಅಂಕಿ ಮೆಟ್ಟಿಲು ಹತ್ತತೊಡಗಿತ್ತು. ಎರಡು ಸಲವೂ ಮರುಯೋಚನೆ ಮಾಡದೆ ಫೋನು ಮಾಡಿದೆ. ವೈದ್ಯರು ಮಾತ್ರೆಯ ಪ್ರಮಾಣವನ್ನು ಬದಲಾಯಿಸಿದರು. ಆಸ್ಪತ್ರೆಗೆ ಹೋಗುವ ಪ್ರಸಂಗ ಬರಲಿಲ್ಲ. ಯಂತ್ರ ಅದೇ ಇದೆ. ಆಸ್ಪತ್ರೆಯ ಯಂತ್ರಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ. ನಾನು ಅದನ್ನು ತಿದ್ದಿಸಲು ಹೋಗಿಲ್ಲ.

ಬಚ್ಚಲಿನ ಬಾಗಿಲಿನ ಕೆಂಪು ಗಾರೆಯ ನೆಲದಲ್ಲಿ, ಯಂತ್ರದ ನಾಲ್ಕು ಕಾಲುಗಳು ಊರುವ ಕಡೆ, ನನ್ನ ಹೆಂಡತಿ ಬಿಳಿಯ ಬಣ್ಣದಿಂದ ನಾಲ್ಕು ಸಣ್ಣ ರಂಗೋಲಿಯ ಗುರುತುಗಳನ್ನು ಬರೆದಿದ್ದಾಳೆ. ಗುಡಿಸುವಾಗ ಯಂತ್ರವನ್ನು ಎತ್ತಿದರೂ ಮತ್ತೆ ಅಲ್ಲಿಯೇ ಇಡಲೆಂದು. ಮನೆಗೆ ಬಂದ ನೆಂಟರು ಬಾಗಿಲಲ್ಲಿ ಇದೇನು ರಂಗೋಲಿಯೆಂದು ಕೇಳಿದರೆ ಆಕೆ ನನ್ನ ಕಡೆಗೆ ಕೈತೋರಿಸುತ್ತಾಳೆ. ಹೇಳಬೇಕಾದ ಕಥೆ ನನ್ನದಾದ್ದರಿಂದ ನಾನೇ ಹೇಳುತ್ತೇನೆ. ಈಗ ನಿಮಗೂ ಹೇಳಿದ್ದೇನೆ.

(ಬಾನುಲಿ ಭಾಷಣ)